ಅದು

ಯಾದಗಿರಿ ಸ್ಟೇಶನ್ ರೋಡಿನಾಗ ನಂದೊಂದು ಹಾರ್ಡ್‌ವೇರ್ ಅಂಗಡಿ.
ಹೆಸರು ಗೊತ್ತಿದ್ದವರು ಇಲ್ಲಿಗಿ ಬರೂದು ಕಮ್ಮಿ.

"ಅದು ಕೊಡ್ರಿ," ಅಂತಾರ.
ಯಾವುದು?
"ಅದೇರೀ, ಹಿಂಗಿರ್ತದಲ್ಲ" ಅಂತ
ಬೆರಳಿಂದ ಗಾಳ್ಯಾಗ ಒಂದು ಸುತ್ತು ಬರೀತಾರ.
ಸುತ್ತು ಸಣ್ಣದಿದ್ರ ವಾಸರ್, ದೊಡ್ಡದಿದ್ರ ಟಾಕಿ ಮುಚ್ಚಳ.
ಬರದ ಕೈ ಅಲ್ಲೇ ನಡಗಲಿಕತ್ತಿದ್ರ
ಮನ್ಯಾಗ ನಳ ಒಡದು ನೀರು ಪಡಸಾಲಿಗಿ ಬಂದದ,
ಮಾತಾಡ್ಕೋತ ಕೂಡಬಾರದು.

ಗುರುಮಠಕಲ್ ಕಡಿಯಿಂದ ಒಬ್ಬ ಬಂದಿದ್ದ.
"ಕಪ್ಪಿ ಹೊಟ್ಟ್ಯಾಗ ಸ್ಪ್ರಿಂಗ್ ಇಟ್ಟಂಗಿರ್ತದಲ್ಲ, ಅದು ಬೇಕು."
ನಾ ತಲಿ ಕೆರಕೊಂಡೆ.
ಅಂಗಡಿ ಹುಡುಗ ಚಾಂದಪಾಶಾ ಒಳಗ ಹೋಗಿ
ಬಾವಿ ಪಂಪಿನ ಫುಟ್‌ವಾಲ್ ತಂದಿಟ್ಟ.
ಆಸಾಮಿ ಅದಕ್ಕ ಕೈ ಮುಗದ.

ನಾರಾಯಣಪೇಟಿ ಡ್ರೈವರ್ "ಗದೇಂದಿ" ಅಂತಾನ,
ಚಾಂದಪಾಶಾನ ಅವ್ವ "ವೋ ಕ್ಯಾ ಕತೇ" ಅಂತಾಳ.
ಭಾಷಾ ಬ್ಯಾರೆ,
ಕಣ್ಣು ಮಾತ್ರ ಎಲ್ಲಾರದೂ ಜಂತಿ ಕಡಿಗೇ ಹೋಗ್ತಾವ,
ಹೆಸರು ಅಲ್ಲೆಲ್ಲೋ ಜೋತು ಬಿದ್ದಂಗ.

ಸಂಜಿಗಿ ಜಕ್ಕಪ್ಪ ಮಾಸ್ತರ್ ಬರ್ತಾರ, ರಿಟೈರ್ಡ್.
"ಇಂಗ್ಲೀಷರು ಭಾಳ ಶಾಣ್ಯಾರು ನೋಡು,
ನೆಪ್ಪಾಗಲಾರದ್ದಕ್ಕೂ ಹೆಸರಿಟ್ಟಾರ.
ಥಿಂಗಮಿ, ವಾಟ್ಸಿಟ್, ಡೂಡಾ,
ಇನ್ನೊಂದಿತ್ತು, ಅದು, ಅದೇ... ಏನಪಾ ಅದು..."
ಚಹಾ ಆರಿ ಕೆನಿ ಕಟ್ಟಿತು. ಅದು ಬರಲಿಲ್ಲ.
ಚಾಂದಪಾಶಾ ನಕ್ಕೋತ
ಯಾ ಖಾನಿಗೂ ಸೇರಲಾರದ ಸಾಮಾನಿನ ಡಾಲ್ಡಾ ಡಬ್ಬಿ ಮ್ಯಾಲ
ಸುಣ್ಣದಿಂದ ಬರದ: ಡೂಡಾ.

ದ್ಯಾವಮ್ಮಗ ಮಾತ್ರ ಮರವು ಇಲ್ಲ.
ಮೂವತ್ತು ವರ್ಷ ಗೌಂಡಿ ಕೆಲಸಕ್ಕ ಬುಟ್ಟಿ ಹೊತ್ತಾಕಿ.
ಕರಣಿ, ರಂದಾಪಟ್ಟಿ, ಎಂಟು ಎಮ್ಮೆಮ್ ರಾಡು,
ಎಲ್ಲಾ ಬಾಯಾಗ.
ಕಾಲಮ್ ಅಂತಾಳ, ಸ್ಲ್ಯಾಬ್ ಅಂತಾಳ,
ಕಾಲಮ್ಮಿನ ಮ್ಯಾಲ, ಸ್ಲ್ಯಾಬಿನ ಕೆಳಗ
ಇರ್ತದಲ್ಲ, ಅದಕ್ಕ ಮಾತ್ರ "ಅಡ್ಡಂದು."
ನಮ್ಮ ಊರ ದಂಡಿಗಿ ಹರೀತದಲ್ಲ,
ಅದಕ್ಕ "ಆ ದೊಡ್ಡ ನೀರು."
ಮದಲ ನಾ ಅಕಿಗೂ ನೆಪ್ಪು ಹಾರ್ತದ ಅನಕೊಂಡಿದ್ದೆ.
ಒಮ್ಮಿ ಅಕಿ ಗಂಡನ ರೇಶನ್ ಕಾರ್ಡ್ ನೋಡಿದೆ.
ಹೊಳಿ ಹೆಸರು, ಹಿಂದೊಂದು 'ರಾಯ'.

ಒತ್ತಕ್ಷರ ಯಾರ ಬಾಯಾಗೂ ನಿಲ್ಲಲಾರದ ಊರಾಗ
ಅಡ್ಡಂದೂ ಗಂಡನ ಹೆಸರೇ ಆಗಿ ಕುಂತಿತ್ತು.
ಮೇಸ್ತ್ರಿಗಳು ಹಗಲೆಲ್ಲಾ ಅವನ ಹೆಸರು ಕೂಗೋರು,
ಅಕಿ ಸೆರಗು ಸರಿ ಮಾಡ್ಕೊಂಡು
ಸುಮ್ನ ಬುಟ್ಟಿ ಎತ್ತಾಕಿ.

ಹ್ವಾದ ಶ್ರಾವಣಕ್ಕ ಅವ ತೀರಿಕೊಂಡ.

ಮೊನ್ನಿ ಬಂದಿದ್ದಳು.
ಒಂದು ಖೋಲಿ ಕಟ್ಟಿಸ್ಯಾಳಂತ, ಅಡ್ಡಂದು ಸುದ್ದಾ ಹಾಕಿಸಿ.
"ಬಾಗಿಲ ಮ್ಯಾಲ ಹಚ್ತಾರಲ್ರೀ ಹೊಳಿಯೂ ಅಕ್ಷರ, ಅವು ಕೊಡ್ರಿ."
ಯಾ ಹೆಸರು ಅಂತ ಕೇಳಾವಿದ್ದೆ, ಕೇಳಲಿಲ್ಲ.
ಸ್ಟೀಲಿನ ಅಕ್ಷರ ನಾಕು, ಒಂದಕ್ಕ ಅರವತ್ತು.
ಕೌಂಟರ್ ಮ್ಯಾಲ ಸಾಲಾಗಿ ಇಟ್ಟೆ.

ಅಕಿಗಿ ಓದು ಬರಲ್ಲ.
ಒಂದೊಂದೇ ಬೆರಳಿಲೆ ಮುಟ್ಟಿ ನೋಡಿದಳು,
ಪಾಯಾ ತಪಾಸ ಮಾಡಿದಂಗ.
"ಓದ್ರಿ," ಅಂದಳು.
ಓದಿದೆ.
"ಕೇಳಸಲಿಲ್ಲ, ಗಾಡಿ ಸಪ್ಪಳ. ಇನ್ನೊಮ್ಮಿ."
ರೋಡಿನಾಗ ಗಾಡಿ ಯಾವುದೂ ಇರಲಿಲ್ಲ.
ಜೋರಾಗಿ ಓದಿದೆ.
ಚಾಂದಪಾಶಾ ಮೊಳಿ ತೂಗೂದು ಬಿಟ್ಟು ನಿಂತ.

"ಹೂಂ," ಅಂದಳು, "ಅದೇ."
ಸೆರಗಿನ ತುದ್ಯಾಗ ನಾಕೂ ಕಟಗೊಂಡಳು.
ಹತ್ತು ರೂಪಾಯಿ ಕಮ್ಮಿ ಮಾಡ್ರಿ ಅಂತ ಜಗಳಾಡಿ,
ಹೋಗೂ ಮುಂದ ಡೂಡಾ ಡಬ್ಬ್ಯಾಗ ಕೈ ಹಾಕಿ
ಏನೋ ಒಂದು ತಗೊಂಡಳು.
ಅದು ಏನಂತ ನನಗೂ ಗೊತ್ತಿಲ್ಲ.